ಯುರೋಪಿನ ಕೆಲಸ, ಕಬ್ಬೂರಿನ ಎರಡೆಕರೆ

ಕಳೆದ ಶ್ರಾವಣದಲ್ಲಿ ಕಬ್ಬೂರಿನ ಹಿರಿಯ ರೈತರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರು ಈ ಪತ್ರಿಕೆಯ ಹಳೆಯ ಚಂದಾದಾರರು, ನಾಲ್ಕಾರು ಎಕರೆ ಕಬ್ಬಿನ ಗದ್ದೆಯುಳ್ಳ ಗೃಹಸ್ಥರು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನಮ್ಮ ಮುಂದಿಟ್ಟರು. "ಹುಡುಗ ಐಟಿಐ ಫಿಟ್ಟರ್ ಮಾಡ್ಯಾನ್ರಿ. ಯುರೋಪಿನ್ಯಾಗ ಕೆಲಸ ಐತಂತ ಏಜೆಂಟ ಬರಕೊಟ್ಟಾನ. ಆರು ಲಕ್ಷ ಕೇಳ್ತಾನ. ಎರಡೆಕರೆ ಒತ್ತಿ ಹಾಕಿ ಕೊಟ್ಟಬಿಡೂಣು ಅಂತ ಮಾಡೀವಿ. ನೀವೇನಂತೀರಿ?" ಎಂದರು.

ಆ ಕಾಗದದಲ್ಲಿ ಸ್ಲೊವಾಕಿಯಾ ಎಂಬ ದೇಶದ ಹೆಸರಿತ್ತು. ಮಾಸಿಕ ವೇತನದ ಅಂಕಿಯೊಂದಿತ್ತು. ಕಾರ್ಖಾನೆಯ ಹೆಸರಾಗಲಿ, ಕೆಲಸದ ಊರಾಗಲಿ, ಸಹಿಯಾಗಲಿ ಇರಲಿಲ್ಲ. ಏಜೆಂಟನ ದೂರವಾಣಿ ಸಂಖ್ಯೆ ಮಾತ್ರ ದಪ್ಪಕ್ಷರದಲ್ಲಿತ್ತು.

ಇಂತಹ ಕಾಗದಗಳು ಈಚೆಗೆ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಯ ಅನೇಕ ಮನೆಗಳಲ್ಲಿ ಕಾಣಸಿಗುತ್ತಿವೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ದುಡಿಮೆ ಎಲ್ಲಿದ್ದರೂ ದುಡಿಮೆಯೇ. ಆದರೆ ಹೊರಡುವ ಮುನ್ನ ಮನೆಯ ಮೇಲೆ ಎಷ್ಟು ಸಾಲ ಕೂಡುತ್ತದೆ, ಕೈಯಲ್ಲಿರುವ ಕಾಗದ ಯಾರ ಹಿಡಿತದಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೊಲ ಒತ್ತಿ ಬೀಳಬಾರದು.

ಮೊದಲು ಆ ದೇಶದ ವಿಚಾರ. ಸ್ಲೊವಾಕಿಯಾ ಮಧ್ಯ ಯುರೋಪಿನ ಒಂದು ಪುಟ್ಟ ರಾಷ್ಟ್ರ. ಅದರ ಜನಸಂಖ್ಯೆ ಸುಮಾರು 54 ಲಕ್ಷ. 2011ರ ಜನಗಣತಿಯಂತೆ ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ 47 ಲಕ್ಷಕ್ಕೂ ಮಿಕ್ಕಿ ಜನರಿದ್ದರೆಂಬುದನ್ನು ನೆನೆದರೆ ಆ ದೇಶದ ಗಾತ್ರ ತಿಳಿದೀತು. 1993ರಲ್ಲಿ ಚೆಕೊಸ್ಲೊವಾಕಿಯಾ ಎರಡಾದಾಗ ಅದು ಸ್ವತಂತ್ರವಾಯಿತು. 2004ರಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಿತು, 2009ರಿಂದ ಯೂರೋ ನಾಣ್ಯವನ್ನು ಬಳಸುತ್ತಿದೆ. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತ್ಯಧಿಕ ಕಾರುಗಳನ್ನು ತಯಾರಿಸುವ ದೇಶವೆಂಬ ಖ್ಯಾತಿ ಅದಕ್ಕಿದೆ. ಅಲ್ಲಿನ ನಿತ್ರಾ ಎಂಬ ಊರಿನಲ್ಲಿ 2018ರಲ್ಲಿ ತೆರೆದ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆ ನಮ್ಮ ಟಾಟಾ ಸಮೂಹದ ಒಡೆತನದ್ದೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ಇಷ್ಟು ಕಾರ್ಖಾನೆಗಳಿಗೆ ಬೇಕಾದ ಕೈಗಳು ಆ ದೇಶದಲ್ಲಿಲ್ಲ. ಒಕ್ಕೂಟ ಸೇರಿದ ನಂತರ ಅಲ್ಲಿನ ತರುಣರು ಹೆಚ್ಚು ಸಂಬಳದ ಬ್ರಿಟನ್, ಜರ್ಮನಿ, ಆಸ್ಟ್ರಿಯಾ ದೇಶಗಳ ಕಡೆಗೆ ಹೊರಟುಹೋದರು. ರಾಜಧಾನಿ ಬ್ರಾಟಿಸ್ಲಾವಾದಿಂದ ವಿಯೆನ್ನಾ ನಗರ ಸುಮಾರು 60 ಕಿಲೋಮೀಟರ್, ಕಬ್ಬೂರಿನವರು ಬೆಳಗಾವಿಗೆ ಹೋಗಿಬಂದಂತೆ. ಸಾವಿರಾರು ಸ್ಲೊವಾಕ್ ಹೆಣ್ಣುಮಕ್ಕಳು ಆಸ್ಟ್ರಿಯಾದ ಮನೆಗಳಲ್ಲಿ ವೃದ್ಧರ ಆರೈಕೆ ಮಾಡಿ ತಮ್ಮ ಮನೆ ನಡೆಸುತ್ತಾರೆ. ಅವರೂರಿನ ತಾಯ್ತಂದೆಯರೂ ನಮ್ಮ ಹಾಗೆಯೇ ದೂರವಾಣಿಯ ಬಳಿ ಕಾದು ಕುಳಿತವರೇ. ಹೀಗೆ ತೆರವಾದ ಸ್ಥಳಕ್ಕೆ ಮೊದಲು ಉಕ್ರೇನ್, ಸರ್ಬಿಯಾಗಳವರು ಬಂದರು. ಈಗ ಭಾರತದವರ ಸರದಿ.

ಅಲ್ಲಿಗೆ ಹೋಗುವ ಸರಿಯಾದ ದಾರಿ ಇಲ್ಲದಿಲ್ಲ. ಡಾ. ಶರಣಪ್ರಕಾಶ ಪಾಟೀಲರು ಕೌಶಲ್ಯಾಭಿವೃದ್ಧಿ ಸಚಿವರಾಗಿದ್ದ 2024ರಲ್ಲಿ ನಮ್ಮ ರಾಜ್ಯ ಸರ್ಕಾರದ ಮೂಲಕವೇ ತಂತ್ರಜ್ಞರ ತಂಡವೊಂದು ಸ್ಲೊವಾಕಿಯಾಕ್ಕೆ ತೆರಳಿತು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಆಶ್ರಯದಲ್ಲಿರುವ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಈ ಕಾರ್ಯಕ್ಕಾಗಿಯೇ ಇದೆ. ಐಟಿಐ ಕಲಿತ ಹುಡುಗನಿಗೆ ಖಾಸಗಿ ಏಜೆಂಟನ ಹೊಸ್ತಿಲೊಂದೇ ಗತಿಯೆಂದು ತಿಳಿಯಬೇಕಾದ ಕಾರಣವಿಲ್ಲ. ಆದರೆ ಸರ್ಕಾರದ ದಾರಿಯಲ್ಲಿ ಕಾಯಬೇಕಾಗುತ್ತದೆ, ಆಯ್ಕೆಯಾಗದೆಯೂ ಇರಬಹುದು. ಏಜೆಂಟನಾದರೋ ಎಲ್ಲರನ್ನೂ ಆಯ್ಕೆ ಮಾಡುತ್ತಾನೆ! ಮೋಸದ ಗುರುತು ಅಲ್ಲಿಯೇ ಇದೆಯೆಂದು ನಮಗನ್ನಿಸುತ್ತದೆ.

ವೀಸಾದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯ ಹಿರಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಂತಹ ದೇಶಗಳಲ್ಲಿ ಕೆಲಸದ ಪರವಾನಿಗೆ ಹುಡುಗನಿಂದ ಆರಂಭವಾಗುವುದಲ್ಲ, ಕೆಲಸ ಕೊಡುವವನಿಂದ ಆರಂಭವಾಗುತ್ತದೆ. ತನ್ನಲ್ಲಿ ಹುದ್ದೆ ಖಾಲಿಯಿದೆಯೆಂದು ಕಾರ್ಖಾನೆಯವನು ಅಲ್ಲಿನ ಕಾರ್ಮಿಕ ಕಚೇರಿಗೆ ತಿಳಿಸಬೇಕು. ಆ ಹುದ್ದೆಗೆ ತನ್ನ ದೇಶದವರು ದೊರೆಯುವರೇ ಎಂದು ಕಚೇರಿ ನೋಡುತ್ತದೆ. ಆ ಮೇಲೆ ಕರಾರುಪತ್ರ, ವಸತಿಯ ದಾಖಲೆ, ಪೊಲೀಸ್ ನಡತೆ ಪತ್ರ, ವಿದ್ಯಾರ್ಹತೆಯ ಪ್ರಮಾಣಪತ್ರ ಇವೆಲ್ಲ ಕೂಡಬೇಕು. ನಮ್ಮ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೀಳಬೇಕು. ಭಾರತ ಈ ಒಪ್ಪಂದದಲ್ಲಿ 2005ರಿಂದ ಇದೆ. ಬಳಿಕ ಅವು ಸ್ಲೊವಾಕ್ ಭಾಷೆಗೆ ಅನುವಾದವಾಗಬೇಕು. ಕೆಲಸದ ಪರವಾನಿಗೆಯೂ ವಾಸದ ಪರವಾನಿಗೆಯೂ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿ ಬರುತ್ತವೆ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. "ಹದಿನೈದು ದಿವಸದಾಗ ವೀಸಾ" ಎಂಬ ಮಾತು ಕೇಳಿಬಂದರೆ ಅಲ್ಲಿಗೇ ಎದ್ದು ಬರುವುದು ಕ್ಷೇಮ.

ಏಕೆಂದರೆ ಹದಿನೈದು ದಿವಸದಲ್ಲಿ ಬರಬಹುದಾದದ್ದು ಪ್ರವಾಸದ ವೀಸಾ ಮಾತ್ರ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯ ಮೇಲೆ 'ಸಿ' ಎಂಬ ಅಕ್ಷರವಿದ್ದರೆ ಅದು ಅಲ್ಪಾವಧಿಯದು. 180 ದಿವಸಗಳಲ್ಲಿ 90 ದಿವಸ ಮಾತ್ರ ತಿರುಗಾಡಬಹುದೇ ಹೊರತು ಅದರ ಮೇಲೆ ಕೂಲಿ ಮಾಡುವಂತಿಲ್ಲ. ದೀರ್ಘಾವಧಿಗೆ ಕೊಡುವ ರಾಷ್ಟ್ರೀಯ ವೀಸಾದ ಮೇಲೆ 'ಡಿ' ಎಂದಿರುತ್ತದೆ. ಇಂಗ್ಲಿಷ್ ಬಾರದ ತಾಯಿಯೂ ಈ ಎರಡು ಅಕ್ಷರಗಳನ್ನು ಗುರುತಿಸಬಲ್ಲಳು. "ಹೋದ ಮೇಲೆ ಅಲ್ಲೇ ಬದಲಿ ಮಾಡಿಸ್ತೀವಿ" ಎಂದು ಏಜೆಂಟ ಹೇಳಿದರೆ ನಂಬಬಾರದು. ಅವಧಿ ಮೀರಿ ಉಳಿದ ಹುಡುಗ ಯಾವ ಕಾನೂನಿನ ನೆರಳೂ ಇಲ್ಲದೆ, ಕೊಟ್ಟಷ್ಟು ಕೂಲಿಗೆ, ಬಾಯಿ ಮುಚ್ಚಿಕೊಂಡು ದುಡಿಯಬೇಕಾಗುತ್ತದೆ.

ನಮ್ಮ ದೇಶದ ಕಾನೂನು ಏನನ್ನುತ್ತದೆ? 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶದ ಉದ್ಯೋಗಕ್ಕೆ ಜನರನ್ನು ಸೇರಿಸುವ ಯಾರೇ ಆಗಲಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾಗಿರಬೇಕು. ಅವರ ಹೆಸರುಗಳು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿವೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ, ಹತ್ತನೆಯ ತರಗತಿ ಮುಗಿಸದ ಕೂಲಿಕಾರರಿಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮವುಂಟು. ಯುರೋಪಿನ ಒಕ್ಕೂಟದ ದೇಶಗಳು ಆ ಪಟ್ಟಿಯಲ್ಲಿಲ್ಲ. ಇದನ್ನೇ ಹಿಡಿದುಕೊಂಡು ಕೆಲವರು "ಯುರೋಪಕ್ಕ ಸರ್ಕಾರದ ಯಾವ ಕಾಗದಾನೂ ಬೇಕಿಲ್ಲ, ನಮಗ ಲೈಸೆನ್ಸೂ ಬೇಕಿಲ್ಲ" ಎಂದು ವಾದಿಸುತ್ತಾರೆ. ಮೊದಲರ್ಧ ಪ್ರಯಾಣಿಕನ ಅನುಮತಿಗೆ ಸಂಬಂಧಿಸಿದ್ದು. ಏಜೆಂಟನ ನೋಂದಣಿಗೂ ಅದಕ್ಕೂ ಸಂಬಂಧವಿಲ್ಲ. ಶುಲ್ಕಕ್ಕೂ ಮಿತಿಯಿದೆ. ನೋಂದಾಯಿತ ಏಜೆಂಟ ತನ್ನ ಸೇವೆಗಾಗಿ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಪಡೆಯಬಹುದು, ಅದಕ್ಕೆ ರಸೀದಿ ಕೊಡಬೇಕು. ಒಟ್ಟು 35,400 ರೂಪಾಯಿ. ನಮ್ಮ ಕಬ್ಬೂರಿನ ಹಿರಿಯರಿಂದ ಕೇಳಿದ ಆರು ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಬಳಿಕ ವೇತನದ ಲೆಕ್ಕವನ್ನೂ ಮಾಡಿದೆವು. 2025ರಲ್ಲಿ ಸ್ಲೊವಾಕಿಯಾದ ಕನಿಷ್ಠ ವೇತನ ತಿಂಗಳಿಗೆ 816 ಯೂರೋ, ಆ ವರ್ಷದ ವಿನಿಮಯ ದರದಂತೆ ಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು. ಇದರಲ್ಲಿ ವಿಮೆ, ತೆರಿಗೆಗಳು ಮುರಿಯುತ್ತವೆ. ಊಟವಂತೂ ಅಲ್ಲಿಯ ದರದಲ್ಲೇ, ವಸತಿಯ ಬಾಡಿಗೆಯನ್ನು ಅನೇಕ ಕಡೆ ಸಂಬಳದಲ್ಲೇ ಹಿಡಿಯುತ್ತಾರೆ. ಉಳಿದದ್ದರಲ್ಲಿ ಆರು ಲಕ್ಷವೂ ಅದರ ಬಡ್ಡಿಯೂ ತೀರುವ ತನಕ ಹುಡುಗ ದುಡಿದದ್ದು ಮನೆಗಲ್ಲ, ಸಾಲಕ್ಕೆ. ಸಾಲವಿಲ್ಲದೆ ಹೋದವನಿಗೆ ಅದೇ ಸಂಬಳ ಮೊದಲ ತಿಂಗಳಿನಿಂದಲೇ ಕೈಸೇರುತ್ತದೆ.

ಇನ್ನೊಂದು ಅಪಾಯವೂ ಉಂಟು. ಪರವಾನಿಗೆ ಸಾಮಾನ್ಯವಾಗಿ ಒಬ್ಬನೇ ಮಾಲೀಕನಿಗೆ ಕಟ್ಟುಬಿದ್ದಿರುತ್ತದೆ. ಮಾಲೀಕ ಕೆಟ್ಟವನಾದರೆ ಬಿಟ್ಟು ಬೇರೆಡೆ ಸೇರಲು ಅಲ್ಲಿಯ ಕಚೇರಿಯ ಒಪ್ಪಿಗೆ ಬೇಕು. ಐರೋಪ್ಯ ಒಕ್ಕೂಟ 2024ರಲ್ಲಿ ಈ ನಿಯಮವನ್ನು ಪರಿಷ್ಕರಿಸಿತು. ಕೆಲಸಗಾರ ಮಾಲೀಕನನ್ನು ಬದಲಾಯಿಸುವ ಹಕ್ಕನ್ನೂ, ಕೆಲಸ ಹೋದರೆ ಕನಿಷ್ಠ ಮೂರು ತಿಂಗಳು ಪರವಾನಿಗೆ ರದ್ದಾಗದಂತಹ ರಕ್ಷಣೆಯನ್ನೂ ಅದರಲ್ಲಿ ಸೇರಿಸಿತು. ಸದಸ್ಯ ರಾಷ್ಟ್ರಗಳು ಇದನ್ನು ತಮ್ಮ ಕಾನೂನಿಗೆ ತಂದುಕೊಳ್ಳಲು 2026ರ ಮೇ ತಿಂಗಳ ಗಡುವನ್ನು ಇಟ್ಟಿತು. ಒಳ್ಳೆಯದೇ. ಆದರೆ ಊರಿನಲ್ಲಿ ಆರು ಲಕ್ಷದ ಸಾಲವಿದ್ದ ಹುಡುಗ ಕಾನೂನು ಬಿಡು ಎಂದರೂ ಕೆಲಸ ಬಿಡಲಾರ.

ಇಲ್ಲಿಗೆ ಬಂದಾಗ ನಮಗೆ ನಮ್ಮದೇ ಊರಿನ ಸಂಗತಿಯೊಂದು ನೆನಪಾಯಿತು. ಬಂಧುಗಳು ಬೇಸರಿಸಬಾರದು. ಹೆಸರಿನಲ್ಲೇ ಕಬ್ಬಿನ ಸದ್ದುಳ್ಳ ಕಬ್ಬೂರಿನ ಸುತ್ತ ಹಂಗಾಮು ಆರಂಭವಾಯಿತೆಂದರೆ ಮಹಾರಾಷ್ಟ್ರದ ಬೀಡ್ ಮುಂತಾದ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮುಕಾದಮನ ಕೈಗೆ ನಾವು ಮುಂಗಡವಾಗಿ ಉಚಲ್ ಕೊಡುತ್ತೇವೆ. ಗಂಡಹೆಂಡಿರಿಬ್ಬರೂ ಸೇರಿ ಒಂದು ಕೊಯ್ತಾ ಎಂದು ಎಣಿಕೆ. ಮಳೆಗಾಲದಲ್ಲಿ ಪಡೆದ ಆ ಹಣವನ್ನು ಅವರು ಚಳಿಗಾಲವಿಡೀ ಕಡಿದು ತೀರಿಸಬೇಕು. ತೀರದಿದ್ದರೆ ಮುಂದಿನ ಹಂಗಾಮಿಗೆ ಲೆಕ್ಕ ಮುಂದುವರಿಯುತ್ತದೆ. ತಾಡಪತ್ರಿಯ ಗುಡಿಸಲಿನಲ್ಲಿ ಹಸುಗೂಸಿನೊಡನೆ ಇರುವ ಆ ಹೆಣ್ಣುಮಗಳು ನಡುವೆ ಊರಿಗೆ ಹೋಗುತ್ತೇನೆಂದರೆ ಬಿಡುವವರಾರು? ಮುಕಾದಮರು ಉಚಲ್ ಹಿಡಿದು ಗ್ಯಾಂಗನ್ನೇ ತಾರದೆ ನಮ್ಮ ಟ್ರ್ಯಾಕ್ಟರ್ ಮಾಲೀಕರನ್ನು ಮುಳುಗಿಸಿದ ಪ್ರಸಂಗಗಳೂ ಕಡಿಮೆಯಿಲ್ಲ. ನಮ್ಮೆದುರಿಗೆ ಕುಳಿತಿದ್ದ ಹಿರಿಯರೇ ಹಿಂದಿನ ವರ್ಷ ಹಾಗೆ ಹಣ ಕಳೆದುಕೊಂಡವರು.

"ಹಾಂಗಾದ್ರ ಈ ಏಜೆಂಟಾನೂ ಮುಕಾದಮನ ಹೌದಲ್ರಿ?" ಎಂದರು.

ಪೂರ್ತಿ ಹೌದೆನ್ನಲಾಗದು. ಮುಕಾದಮ ಕೂಲಿಯವನಿಗೆ ಹಣ ಕೊಟ್ಟು ಕಟ್ಟಿಹಾಕುತ್ತಾನೆ. ಏಜೆಂಟ ಕೂಲಿಯವನಿಂದಲೇ ಹಣ ತೆಗೆದುಕೊಂಡು ಕಟ್ಟಿಹಾಕುತ್ತಾನೆ. ಎರಡನೆಯದು ಇನ್ನೂ ಜಾಣತನದ್ದು. ವಿಯೆನ್ನಾಕ್ಕೆ ಹೋದ ಸ್ಲೊವಾಕ್ ಮಗಳು, ಸ್ಲೊವಾಕಿಯಾಕ್ಕೆ ಹೊರಟ ಕಬ್ಬೂರಿನ ಮಗ, ಕಬ್ಬೂರಿಗೆ ಬಂದ ಬೀಡಿನ ದಂಪತಿಗಳು: ಈ ಮೂವರಲ್ಲಿ ಯಾರ ತಲೆಯ ಮೇಲೆ ಸಾಲವಿಲ್ಲವೋ ಅವರಿಗೆ ಮಾತ್ರ "ಒಲ್ಲೆ" ಎನ್ನುವ ಬಾಯಿ ಇರುತ್ತದೆ.

ಕರಾರುಪತ್ರದ ಬಗೆಗೆ ಒಂದು ಮಾತು. 2023ರ ಕೊನೆಯಲ್ಲಿ ರಷ್ಯಾದಲ್ಲಿ ಭದ್ರತಾ ಕಾವಲುಗಾರರ ಕೆಲಸವೆಂಬ ಮಾತು ನಂಬಿ ಹೋದ ಕಲಬುರ್ಗಿಯ ಮೂವರು ತರುಣರು ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಲ್ಪಟ್ಟರು. ತಾವು ಓದಲಾರದ ಭಾಷೆಯ ಕಾಗದಗಳಿಗೆ ಅವರು ಸಹಿ ಹಾಕಿದ್ದರು. 2024ರ ಸೆಪ್ಟೆಂಬರಿನಲ್ಲಿ ಅವರು ಜೀವಸಹಿತ ಹಿಂದಿರುಗಿದ್ದು ಮನೆಯವರ ಪುಣ್ಯ. ಅದೇ ರೀತಿ ಹೋದ ಸೂರತ್ತಿನ ಮತ್ತು ಹೈದರಾಬಾದಿನ ತರುಣರು ಹಿಂದಿರುಗಲಿಲ್ಲ. ಆದ್ದರಿಂದ ಕರಾರುಪತ್ರದ ಇಂಗ್ಲಿಷ್ ಪ್ರತಿಯನ್ನು ಕೇಳಿ ಪಡೆಯಬೇಕು. ಕಾರ್ಖಾನೆಯ ಹೆಸರು, ಊರು, ಕೆಲಸದ ಸ್ವರೂಪ, ಗಂಟೆಗಳು, ವಸತಿಗೆ ಎಷ್ಟು ಮುರಿಯುವರು ಎಂಬುದೆಲ್ಲ ಅದರಲ್ಲಿರಬೇಕು. ಒಂದು ನಕಲು ಮನೆಯಲ್ಲಿ ತಾಯಿಯ ಬಳಿ ಇರಬೇಕು. ಅಲ್ಲಿಗೆ ತಲುಪಿದ ಮೇಲೆ ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಒಪ್ಪಿಸಿ ಬಿಡಬಾರದು. ಸಂಶಯವಿದ್ದವರು ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090ಕ್ಕೆ ಕೇಳಬಹುದು. ಬೆಂಗಳೂರಿನಲ್ಲಿ ವಲಸಿಗರ ಸಂರಕ್ಷಣಾಧಿಕಾರಿಗಳ ಕಚೇರಿಯೂ ಇದೆ.

ಹಿರಿಯರು ಊರಿಗೆ ಹೋಗಿ ಏಜೆಂಟನಿಗೆ ನೋಂದಣಿ ಸಂಖ್ಯೆ ಕೇಳಿದರಂತೆ. "ಮುಂಬಯಿ ಆಫೀಸಿನ್ಯಾಗ ಐತಿ, ಕಳಸ್ತೀನಿ" ಎಂದನಂತೆ. ಎರಡನೆಯ ಸಲ ಕೇಳಿದಾಗ ಸೀಟು ಬೇರೆಯವರಿಗೆ ಹೋಯಿತೆಂದು ಗದರಿಸಿದನಂತೆ. ಮೂರನೆಯ ಸಲ ದೂರವಾಣಿ ಎತ್ತಲಿಲ್ಲ. ಮುಂಗಡವೆಂದು ಮೊದಲೇ ಕೊಟ್ಟಿದ್ದ ಇಪ್ಪತ್ತು ಸಾವಿರ ಹೋದದ್ದು ಹೋಯಿತು. ಅದಕ್ಕಾಗಿ ಮನೆಯಾಕೆ ತಮ್ಮ ಪಾಟಲಿಗಳನ್ನು ಪತ್ತಿನ ಸಹಕಾರಿ ಸಂಘದಲ್ಲಿ ಇಟ್ಟಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಎರಡೆಕರೆ ಉಳಿಯಿತು.

ಹುಡುಗ ಈಗ ನಿಗಮದ ವಲಸೆ ಕೇಂದ್ರದಲ್ಲಿ ಹೆಸರು ಬರೆಸಿದ್ದಾನೆ. ಕರೆ ಇನ್ನೂ ಬಂದಿಲ್ಲ. ನಡುವೆ ಪಾಸ್‌ಪೋರ್ಟು ಬಂದಿತು. ಐಟಿಐ ಪ್ರಮಾಣಪತ್ರವನ್ನು ಅಪೊಸ್ಟಿಲ್ ಮುದ್ರೆಗೆ ಕಳುಹಿಸಿದ್ದಾರೆ. ದೀಪಾವಳಿ ಕಳೆದ ಮೇಲೆ ಹಿರಿಯರು ಮತ್ತೊಮ್ಮೆ ದೂರವಾಣಿ ಮಾಡಿದ್ದರು. ಗದ್ದೆಗೆ ಗ್ಯಾಂಗು ಬಂದಿದೆಯೆಂದೂ, ಈ ಸಲ ಮುಕಾದಮನನ್ನು ಕೂರಿಸಿಕೊಂಡು ಯಾವ ಕೊಯ್ತಾಕ್ಕೆ ಎಷ್ಟು ಉಚಲ್ ಹೋಯಿತೆಂದು ಆ ಗಂಡಹೆಂಡಿರ ಮುಂದೆಯೇ ಬರೆಸಿಕೊಂಡೆನೆಂದೂ ಹೇಳಿದರು. ಮುಕಾದಮ ಹೇಳಿದ ಲೆಕ್ಕಕ್ಕೂ ಅವರು ಹೇಳಿದ ಲೆಕ್ಕಕ್ಕೂ ಎರಡು ಕಡೆ ತಾಳೆ ಬೀಳಲಿಲ್ಲವಂತೆ.