ಅಂತರ್ಜಾಲ ಸಂಪರ್ಕದ ಸ್ವಯಂ ದುರಸ್ತಿ: ಗುಂಡಿ ಒತ್ತುವ ಮುನ್ನ

ಹಗಲೆಲ್ಲ ನೆಹರು ಗಂಜಿನಲ್ಲಿ ವಹಿವಾಟು ನಡೆಸಿ, ರಾತ್ರಿ ಸೇಡಂ ರಸ್ತೆಯ ಬಡಾವಣೆಗಳಲ್ಲಿರುವ ಮನೆಗೆ ಮರಳುವ ಕಲಬುರಗಿಯ ವರ್ತಕನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕೆಂಪು ಬಟ್ಟೆಯ ಖಾತೆ ಪುಸ್ತಕವಿದ್ದ ಸ್ಥಳದಲ್ಲಿ ಈಗ ಗಣಕಯಂತ್ರವಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕವೇ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಚೀಟಿ ಮುದ್ರಿಸಿ ಕಟ್ಟಿದ ಬೇಳೆಯ ಚೀಲಗಳೂ ತೆರಿಗೆಯ ವ್ಯಾಪ್ತಿಗೆ ಸೇರಿದವು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಾರ್ಷಿಕ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಮಾಸಿಕ ವಿವರಣಾಪಟ್ಟಿಯ ಕೊನೆಯ ದಿನವಾದ 20ನೆಯ ತಾರೀಖಿನ ರಾತ್ರಿ ಸಂಪರ್ಕ ಕಡಿದುಹೋದರೆ, ಮರುದಿನದಿಂದ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ.

ಇಂತಹ ಗಳಿಗೆಯಲ್ಲಿ ಕೈ ಸಹಜವಾಗಿ ಗಣಕಯಂತ್ರವೇ ತೋರಿಸುವ ದುರಸ್ತಿಯ ಗುಂಡಿಯತ್ತ ಹೋಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ರಿಪೇರ್' ಎಂಬ ಹೆಸರಿನಿಂದ ಬಂದ ಈ ಸೌಲಭ್ಯ, 2009ರ ವಿಂಡೋಸ್ 7ರಲ್ಲಿ 'ಟ್ರಬಲ್‌ಶೂಟರ್' ಎಂಬ ಪೂರ್ಣ ರೂಪ ಪಡೆಯಿತು. ಅದು ಮಾಡುವ ಕೆಲಸ ಉಪಯುಕ್ತವಾದದ್ದೇ: ರೂಟರಿನಿಂದ ಹೊಸ ಐಪಿ ವಿಳಾಸ ಕೇಳಿ ಪಡೆಯುತ್ತದೆ, ಜಾಲತಾಣಗಳ ಹಳೆಯ ವಿಳಾಸಗಳ ನೆನಪನ್ನು ಅಳಿಸುತ್ತದೆ, ನಿಂತುಹೋದ ಸಂಪರ್ಕವನ್ನು ಮತ್ತೆ ಚಾಲನೆಗೊಳಿಸುತ್ತದೆ. ತಂತ್ರಜ್ಞನಿಗೆ ದೂರವಾಣಿ ಮಾಡಿ, ಆತ ಬರುವವರೆಗೆ ಅರ್ಧ ದಿನ ಕಾಯುವ ಖರ್ಚು ಅನೇಕ ಸಲ ಹೀಗೆ ಉಳಿದಿದೆ ಎಂಬುದು ನಿರ್ವಿವಾದ.

ಆದರೆ ಗುಂಡಿಯ ಅಧಿಕಾರ ಬಹುಮಟ್ಟಿಗೆ ಗಣಕಯಂತ್ರದ ಒಳಗಿಗೇ ಸೀಮಿತ. ರಸ್ತೆ ಅಗೆಯುವಾಗ ತುಂಡಾದ ಕೇಬಲ್ಲನ್ನು ಅದು ಜೋಡಿಸಲಾರದು. ದೋಷ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯಲು ಅರ್ಧ ನಿಮಿಷದ ಪರೀಕ್ಷೆ ಸಾಕು: ಮೊಬೈಲಿನ ಸ್ವಂತ ಡೇಟಾ ನಿಲ್ಲಿಸಿ, ಅದೇ ಮನೆಯ ವೈಫೈಗೆ ಸೇರಿಸಿ ನೋಡುವುದು. ಅಲ್ಲಿಯೂ ಪುಟ ತೆರೆಯದಿದ್ದರೆ ಕುತ್ತು ರೂಟರಿನಲ್ಲೋ ತಂತಿಯಲ್ಲೋ ಇದೆ; ಗಣಕಯಂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಮೊಬೈಲಿನಲ್ಲಿ ತೆರೆದು, ಗಣಕಯಂತ್ರದ ವಿಳಾಸ ಮಾತ್ರ 169.254 ಎಂಬ ಅಂಕಿಗಳಿಂದ ಆರಂಭವಾಗಿದ್ದರೆ, ರೂಟರಿನಿಂದ ಉತ್ತರ ಬಾರದೆ ಯಂತ್ರ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಆಗ ಗುಂಡಿ ಒತ್ತುವುದು ಸರಿ.

ಸಂಪರ್ಕ ಮರಳಿ ಬಂದೂ ವ್ಯವಹಾರ ನಿಂತುಹೋಗುವ ಸಂದರ್ಭ ಹೆಚ್ಚು ಕಷ್ಟದ್ದು. ಸಣ್ಣ ವರ್ತಕರ ಮನೆಯಲ್ಲೂ ಕಪನೂರಿನ ದಾಲ್ ಮಿಲ್ಲಿನ ಕಚೇರಿಯಲ್ಲೂ ಎರಡು ಮೂರು ಗಣಕಯಂತ್ರಗಳನ್ನು ಜೋಡಿಸಿ, ಒಂದರಲ್ಲಿ ಟ್ಯಾಲಿಯ ಲೆಕ್ಕಪತ್ರ ಇರಿಸುವುದು ರೂಢಿ. ಉಳಿದ ಯಂತ್ರಗಳು ಅದನ್ನು ಹುಡುಕಿಕೊಂಡು ಬರಲೆಂದು ಜೋಡಿಸಿದವನು ಅದಕ್ಕೆ ಬದಲಾಗದ ವಿಳಾಸವೊಂದನ್ನು ಕೈಯಾರೆ ಕೊಟ್ಟಿರುತ್ತಾನೆ; ಪ್ರಿಂಟರಿಗೂ ಹಾಗೆಯೇ. ಸ್ವಯಂ ದುರಸ್ತಿಯ ಕಣ್ಣಿಗೆ ಈ ಕೈಬರಹದ ವಿಳಾಸವೇ ದೋಷವಾಗಿ ಕಾಣುವುದುಂಟು. ಅದು 'ಸರಿಪಡಿಸಿ' ವಿಳಾಸವನ್ನು ರೂಟರಿನ ಇಚ್ಛೆಗೆ ಬಿಟ್ಟುಬಿಡುತ್ತದೆ. ಜಿಎಸ್‌ಟಿ ತಾಣ ತೆರೆಯುತ್ತದೆ, ಟ್ಯಾಲಿ ತೆರೆಯುವುದಿಲ್ಲ. ಲಾರಿ ಹೊರಡಬೇಕಾದ ಹೊತ್ತಿನಲ್ಲಿ ಬಿಲ್ಲು ಮುದ್ರಣವಾಗುವುದಿಲ್ಲ. 2016ರಲ್ಲಿ ವಿಂಡೋಸ್ 10ಕ್ಕೆ ಸೇರಿದ 'ನೆಟ್‌ವರ್ಕ್ ರೀಸೆಟ್' ಇನ್ನೂ ಬಿರುಸಿನದು: ಜಾಲದ ಸಾಧನಗಳನ್ನೆಲ್ಲ ಕಿತ್ತು ಹೊಸದಾಗಿ ಸ್ಥಾಪಿಸುತ್ತದೆ. ಆ ಬಳಿಕ ಮನೆಯ ಜಾಲವೇ 'ಸಾರ್ವಜನಿಕ' ಎಂದು ಗುರುತಾಗಿ, ಪಕ್ಕದ ಯಂತ್ರಗಳಿಗೆ ಇದು ಕಾಣದಂತಾಗಬಹುದು. ಇದನ್ನು ಕೊನೆಯ ಉಪಾಯವೆಂದು ಭಾವಿಸುವುದೇ ಲೇಸು.

ಇನ್ನೊಂದು ಚಿಕ್ಕ ಕುತ್ತನ್ನು ಈ ಗುಂಡಿ ಹಿಡಿಯುವುದೇ ಇಲ್ಲ. ಹಳೆಯ ಗಣಕಯಂತ್ರದೊಳಗಿನ ಬಿಲ್ಲೆಯಾಕಾರದ ಬ್ಯಾಟರಿ ಸತ್ತರೆ, ವಿದ್ಯುತ್ ಹೋಗಿ ಬಂದಾಗ ತಾರೀಖು ವರ್ಷಗಳ ಹಿಂದಕ್ಕೆ ಸರಿಯುತ್ತದೆ. ತಾರೀಖು ಹೊಂದದ ಕಾರಣ ಸುರಕ್ಷಿತ ತಾಣಗಳು ತೆರೆಯಲು ನಿರಾಕರಿಸುತ್ತವೆ. ಸಂಪರ್ಕದಲ್ಲಿ ದೋಷವಿಲ್ಲವೆಂಬ ವರದಿ ಬರುತ್ತದೆ, ಮತ್ತು ಆ ವರದಿ ಸುಳ್ಳೂ ಅಲ್ಲ! ತೆರೆಯ ಮೂಲೆಯ ತಾರೀಖನ್ನು ಮೊದಲು ನೋಡುವ ಅಭ್ಯಾಸವಿದ್ದವರು ಅಗ್ಗದ ಬ್ಯಾಟರಿಯೊಂದರಲ್ಲಿ ಪಾರಾಗುತ್ತಾರೆ.

ದುರಸ್ತಿಯ ಸಾಧನವೇ ಕಳ್ಳರಿಗೆ ದಾರಿಯಾದ ಉದಾಹರಣೆಯೂ ಇದೆ. 2022ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ 'ಫೊಲಿನಾ' ಎಂಬ ಲೋಪದಲ್ಲಿ, ಮೈಕ್ರೋಸಾಫ್ಟಿನ ದೋಷಪರೀಕ್ಷಾ ಸಾಧನವನ್ನು ವರ್ಡ್ ಕಡತವೊಂದರ ಮೂಲಕ ಎಬ್ಬಿಸಿ ಬೇಕಾದ ಆಜ್ಞೆ ನಡೆಸಬಹುದಾಗಿತ್ತು. ಜೂನ್‌ನಲ್ಲಿ ಅದಕ್ಕೆ ತಿದ್ದುಪಡಿ ಬಂದಿತು. ಹೀಗಿರುವಾಗ, 'ಅಂತರ್ಜಾಲ ರಿಪೇರಿ' ಎಂದು ಪುಕ್ಕಟೆಯಾಗಿ ಸಿಗುವ ಗುರುತಿಲ್ಲದ ತಂತ್ರಾಂಶವನ್ನು ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರಕ್ಕೆ ಇಳಿಸುವುದು ಎಂತಹ ವಿವೇಕ? ಹುಡುಕಿದಾಗ ಸಿಕ್ಕ 'ಸಹಾಯವಾಣಿ'ಗೆ ಕರೆಮಾಡಿ, ಅಪರಿಚಿತನಿಗೆ ದೂರದಿಂದ ಯಂತ್ರ ನಡೆಸಲು ಒಪ್ಪಿಗೆ ಕೊಡುವುದಂತೂ ತಿಜೋರಿಯ ಕೀಲಿಕೈ ಒಪ್ಪಿಸಿದಂತೆ. ಹಣ ಹೋದ ಕೂಡಲೇ ದೂರು ಕೊಡಬೇಕಾದ ಸಂಖ್ಯೆ 1930.

ವರ್ತಕರು ಕೈಗೊಳ್ಳಬಹುದಾದ ಕ್ರಮ ಸುಲಭವಾದುದು. ಸಂಪರ್ಕ ಸರಿಯಾಗಿರುವ ದಿನವೇ ಪ್ರತಿ ಯಂತ್ರದ ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್, ಪ್ರಿಂಟರಿನ ವಿಳಾಸ, ಸಂಪರ್ಕದಾರರ ಗ್ರಾಹಕ ಸಂಖ್ಯೆ ಇಷ್ಟನ್ನು ಒಂದು ಪುಟದಲ್ಲಿ ಬರೆದು ಖಾತೆ ಕಡತದಲ್ಲಿ ಇಡುವುದು. ಗುಂಡಿ ಏನನ್ನೇ ಬದಲಿಸಿದರೂ ಹಳೆಯದನ್ನು ಮತ್ತೆ ತುಂಬಲು ಐದು ನಿಮಿಷ ಸಾಕು. ಅಷ್ಟರವರೆಗೆ ಮೊಬೈಲಿನ ಹಾಟ್‌ಸ್ಪಾಟಿನಿಂದ ವಿವರಣಾಪಟ್ಟಿಯ ಕೆಲಸ ಸಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಅನೇಕರು ಯಂತ್ರ ಬದಲಿಸುತ್ತಿದ್ದಾರೆ; ಹಳೆಯದನ್ನು ಕೊಟ್ಟುಬಿಡುವ ಮುನ್ನವೇ ಈ ಪುಟ ಸಿದ್ಧವಾಗಬೇಕು. ಇನ್ನು ಮನೆಗೆ ಬರುವ ತಂತ್ರಜ್ಞರು ರಸೀದಿಯಲ್ಲಿ 'ಸರ್ವಿಸ್ ಚಾರ್ಜ್' ಎಂದಷ್ಟೇ ಬರೆದು ಹೋಗುವ ಪದ್ಧತಿಯನ್ನು ವರ್ತಕರು ಒಪ್ಪಬಾರದು. ಯಾವ ವಿಳಾಸ ಬದಲಾಯಿತು, ಯಾವ ಗುಪ್ತಪದ ಹೊಸದು ಎಂಬುದನ್ನು ಆ ಪುಟದಲ್ಲೇ ಬರೆಸಿಕೊಂಡ ಮೇಲೆ ಹಣ ಕೊಡಬೇಕು.