ಟಾಪಿಕ್ ಕೇಳುವ ಮಕ್ಕಳು, ಟಾಪಿಕ್ ಕೊಡುವ ಮೇಷ್ಟ್ರು

ವಿಜ್ಞಾನ ವಸ್ತುಪ್ರದರ್ಶನಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಪ್ರೌಢಶಾಲೆಯ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: ‘ಸಾರ್, ಜೀವಶಾಸ್ತ್ರದಲ್ಲಿ ಒಂದು ಟಾಪಿಕ್ ಕೊಡಿ.’ ಮೇಷ್ಟ್ರು ತಲೆ ಎತ್ತದೆ ಕೊಟ್ಟುಬಿಡುತ್ತಾರೆ: ಕ್ಯಾನ್ಸರ್, ಡೆಂಗ್ಯೂ, ಡಿಎನ್‌ಎ. ಸಂಜೆಯೊಳಗೆ ಸೈಬರ್ ಸೆಂಟರಿನಿಂದ ಹತ್ತು ಪುಟದ ಪ್ರಿಂಟ್ ಬರುತ್ತದೆ. ಅಪ್ಪ ಥರ್ಮೋಕೋಲ್ ಕತ್ತರಿಸುತ್ತಾರೆ, ಅಕ್ಕ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದುಕೊಡುತ್ತಾಳೆ, ಮಗು ನಾಲ್ಕು ಸಾಲು ಬಾಯಿಪಾಠ ಮಾಡಿ ಅತಿಥಿಗಳ ಮುಂದೆ ಒಪ್ಪಿಸುತ್ತದೆ. ಅದಕ್ಕೆ ಬಹುಮಾನವೂ ಸಿಗುತ್ತದೆ. ಇದನ್ನು ‘ಸಂಶೋಧನಾ ಪ್ರಾಜೆಕ್ಟ್’ ಎಂದು ಕರೆಯುವುದು ಸುಳ್ಳು. ಆ ಸುಳ್ಳಿನಲ್ಲಿ ಮಕ್ಕಳು, ಮೇಷ್ಟ್ರು, ಹೆತ್ತವರು, ತೀರ್ಪುಗಾರರು ಎಲ್ಲರಿಗೂ ಪಾಲಿದೆ.

ಮೊದಲು ಮಕ್ಕಳಿಗೇ ಹೇಳುತ್ತೇನೆ. ನೀವು ಸೋಮಾರಿಗಳೆಂದು ನಾನು ನಂಬುವುದಿಲ್ಲ. ರಾತ್ರಿಯೆಲ್ಲ ಕೂತು ಬಣ್ಣ ಹಚ್ಚುವವರು ಸೋಮಾರಿಗಳಲ್ಲ. ನೀವು ಎಡವುವುದು ಆಯ್ಕೆಯ ಹೊತ್ತಿನಲ್ಲಿ. ದೊಡ್ಡದಾಗಿ ಕೇಳಿಸುವ ಹೆಸರನ್ನು ಆರಿಸಿಕೊಳ್ಳುತ್ತೀರಿ, ಅದರೊಳಗೆ ಪ್ರಶ್ನೆ ಇದೆಯೇ ಎಂದು ನೋಡುವುದಿಲ್ಲ. ‘ಡೆಂಗ್ಯೂ: ಕಾರಣ ಮತ್ತು ಪರಿಹಾರ’ ಎಂಬುದರಲ್ಲಿ ನೀವು ಕಂಡುಹಿಡಿಯಬೇಕಾದದ್ದು ಏನೂ ಇಲ್ಲ, ಎಲ್ಲವೂ ಆಗಲೇ ಅಚ್ಚಾಗಿದೆ. ‘ನಮ್ಮ ಬೀದಿಯಲ್ಲಿ ಸೊಳ್ಳೆಮರಿ ಹೆಚ್ಚಾಗಿ ಇರುವುದು ಡ್ರಮ್ಮಿನಲ್ಲೋ, ಸಿಮೆಂಟ್ ತೊಟ್ಟಿಯಲ್ಲೋ, ಬಿಸಾಡಿದ ಟೈರಿನಲ್ಲೋ?’ ಎಂದು ಕೇಳಿ ನೋಡಿ. ಇದರ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಏಕೆಂದರೆ ಯಾರೂ ನಿಮ್ಮ ಬೀದಿಯ ಪುಸ್ತಕ ಬರೆದಿಲ್ಲ. ನೀರು ತುಂಬಿದ ನೂರು ಪಾತ್ರೆಗಳಲ್ಲಿ ಎಷ್ಟರಲ್ಲಿ ಸೊಳ್ಳೆಮರಿ ಇದೆ ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆಯವರೂ ಬಳಸುತ್ತಾರೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಸುತ್ತು ಹಾಕಲೇಬೇಕು, ಎಣಿಸಿದ ಮೇಲೆ ಮನೆಯವರಿಗೆ ಹೇಳಿ ಆ ನೀರು ಚೆಲ್ಲಿಸಲೇಬೇಕು.

‘ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ, ಮೈಕ್ರೋಸ್ಕೋಪ್ ಇಲ್ಲ’ ಎಂಬ ನೆಪವನ್ನು ಇನ್ನು ಮುಂದೆ ಹೇಳಬೇಡಿ. 1930ರಲ್ಲಿ ಕೆಲಸವಿಲ್ಲದೆ ಮುಂಬಯಿ ಬಳಿಯ ಕಿಹಿಮ್ ಎಂಬ ಕರಾವಳಿ ಹಳ್ಳಿಯಲ್ಲಿದ್ದ ಪಕ್ಷಿತಜ್ಞ ಸಲೀಂ ಅಲಿ ಮನೆ ಹತ್ತಿರದ ಗೀಜಗದ ಗೂಡುಗಳನ್ನು ದಿನವೂ ಕೂತು ನೋಡಿದರು. ಗಂಡು ಗೂಡನ್ನು ಅರ್ಧ ಹೆಣೆಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪುತ್ತದೆ, ಆಮೇಲೆ ಗಂಡು ಅದನ್ನು ಮುಗಿಸಿ ಇನ್ನೊಂದು ಹೆಣ್ಣಿಗಾಗಿ ಬೇರೆ ಗೂಡು ಶುರು ಮಾಡುತ್ತದೆ ಎಂಬುದನ್ನು ಕಂಡುಕೊಂಡದ್ದು ಹಾಗೆ. ನಿಕೋ ಟಿನ್‌ಬರ್ಗನ್ ನೆಲದಲ್ಲಿ ಬಿಲ ತೋಡುವ ಕಣಜದ ಬಾಗಿಲ ಸುತ್ತ ಪೈನ್ ಕಾಯಿಗಳನ್ನು ವೃತ್ತವಾಗಿ ಇಟ್ಟರು; ಅದು ಹೊರಗೆ ಹೋದಾಗ ವೃತ್ತವನ್ನು ಪಕ್ಕಕ್ಕೆ ಸರಿಸಿದರು. ಮರಳಿದ ಕಣಜ ಬಿಲ ಬಿಟ್ಟು ಕಾಯಿಗಳ ನಡುವೆ ಹುಡುಕಿತು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಕಣಜಗಳ ಸಮಾಜವನ್ನು ಅಧ್ಯಯನ ಮಾಡಿದರು. ತೀರಾ ಕಡಿಮೆ ಖರ್ಚಿನಲ್ಲಿ ಉತ್ತಮ ಸಂಶೋಧನೆ ಸಾಧ್ಯ ಎಂದು ತೋರಿಸಲು ಪುಸ್ತಕವನ್ನೇ ಬರೆದರು. ವಯಸ್ಸಿನ ನೆಪವೂ ನಡೆಯುವುದಿಲ್ಲ. ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಹಳ್ಳಿಯ ಎಂಟರಿಂದ ಹತ್ತು ವರ್ಷದ 25 ಮಕ್ಕಳು ಬಂಬಲ್ ಜೇನುಗಳು ಹೂವಿನ ಬಣ್ಣ ಮತ್ತು ವಿನ್ಯಾಸವನ್ನು ಹೇಗೆ ಕಲಿಯುತ್ತವೆ ಎಂದು ಪರೀಕ್ಷಿಸಿದರು. ಅವರ ಪ್ರಬಂಧ, ಬಣ್ಣದ ಪೆನ್ಸಿಲ್ಲಿನ ಚಿತ್ರಗಳ ಸಮೇತ, 2010ರ ಡಿಸೆಂಬರಿನಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕ ದೊಡ್ಡ ಅನುಕೂಲ ಒಂದೇ: ಪ್ರಶ್ನೆ ಅವರದೇ ಆಗಿರಲಿ ಎಂದು ಹಿರಿಯರು ಬಿಟ್ಟರು.

ನಮ್ಮ ಕಣ್ಣೆದುರಿನ ಉದಾಹರಣೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಕಳೆ ಇಂದು ಶಾಲೆಯ ಕಾಂಪೌಂಡಿನವರೆಗೂ ಬಂದಿದೆ. ವರ್ಷ ವರ್ಷವೂ ಯಾರೋ ಒಬ್ಬರು ‘ಪಾರ್ಥೇನಿಯಂ ದುಷ್ಪರಿಣಾಮಗಳು’ ಎಂದು ಚಾರ್ಟ್ ಬರೆದು ಗೋಡೆಗೆ ಅಂಟಿಸುತ್ತಾರೆ. ಆ ಗೋಡೆಯ ಆಚೆ ಬದಿಯಲ್ಲೇ ನಿಜವಾದ ಪ್ರಶ್ನೆ ಬೆಳೆದು ನಿಂತಿರುತ್ತದೆ. ಈ ಗಿಡವನ್ನು ಹತೋಟಿಗೆ ತರಲು ಮೆಕ್ಸಿಕೊದಿಂದ ಜೈಗೋಗ್ರಾಮ ಎಂಬ ಎಲೆತಿನ್ನುವ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗಿರುವ ದುಂಬಿಗಳು ಮಳೆ ಬಿದ್ದ ಮೇಲೆ ಹೊರಬರುತ್ತವೆ; ಮರಿಯೂ ದೊಡ್ಡ ಹುಳುವೂ ಎಲೆ ತಿನ್ನುತ್ತವೆ. ನಿಮ್ಮ ಊರಿನಲ್ಲಿ ಅವು ಇವೆಯೇ? ಬಿಸಿಲಿನ ಗಿಡದಲ್ಲಿ ಹೆಚ್ಚೋ, ನೆರಳಿನದರಲ್ಲೋ? ದುಂಬಿ ಹೆಚ್ಚಿದ್ದ ಗಿಡದಲ್ಲಿ ಹೂ ಕಡಿಮೆಯಾಗುತ್ತದೆಯೇ? ಬಿಸಿಲು, ನೆರಳು ಎರಡೂ ಕಡೆ 30 ಗಿಡಗಳಿಗೆ ಗುರುತು ಕಟ್ಟಿ, ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗಿ ಎಣಿಸಿ. ಬೇಕಾದದ್ದು ದಾರ, ನೋಟ್‌ಬುಕ್, ಪೆನ್ಸಿಲ್. ಈ ಗಿಡ ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ. ಕೈಗವಸು, ಮಾಸ್ಕ್ ಇಲ್ಲದೆ ಹತ್ತಿರ ಹೋಗಕೂಡದು, ಉಬ್ಬಸ ಇರುವವರು ಬೇರೆ ಪ್ರಶ್ನೆ ಹುಡುಕಿಕೊಳ್ಳಬೇಕು.

ಆಯ್ಕೆ ಮಾಡುವಾಗಲೇ ನಿಮ್ಮನ್ನು ನೀವು ಕಟ್ಟುನಿಟ್ಟಾಗಿ ಕೇಳಿಕೊಳ್ಳಿ. ಇದನ್ನು ಎಣಿಸಲು ಅಥವಾ ಅಳೆಯಲು ಆಗುತ್ತದೆಯೇ? ಯಾವುದರ ಜೊತೆ ಹೋಲಿಸುತ್ತೇನೆ? ಎಷ್ಟು ಸಲ ಮಾಡುತ್ತೇನೆ? ಸಂಗೀತ ಕೇಳಿಸಿದ ಒಂದು ಕುಂಡ, ಕೇಳಿಸದ ಒಂದು ಕುಂಡ ಇಟ್ಟು ‘ಸಂಗೀತದಿಂದ ಗಿಡ ಬೆಳೆಯುತ್ತದೆ’ ಎಂದು ಬರೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಒಂದು ಬೀಜವೇ ಗಟ್ಟಿಯಾಗಿದ್ದಿರಬಹುದು, ಒಂದು ಕುಂಡಕ್ಕೆ ಬಿಸಿಲು ಹೆಚ್ಚು ಬಿದ್ದಿರಬಹುದು. ಯಾರಿಗಾದರೂ, ಯಾವುದಕ್ಕಾದರೂ ಅಪಾಯವಿದೆಯೇ ಎಂಬುದೂ ಅಷ್ಟೇ ಮುಖ್ಯ. ಗೊತ್ತಿಲ್ಲದ ಬ್ಯಾಕ್ಟೀರಿಯಾವನ್ನು ಅಡುಗೆಮನೆಯಲ್ಲಿ ಬೆಳೆಸುವುದು, ಹಕ್ಕಿಯ ಮೊಟ್ಟೆ ತೆಗೆಯುವುದು ಸಾಹಸವೂ ಅಲ್ಲ, ವಿಜ್ಞಾನವೂ ಅಲ್ಲ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಅಂಕಿ ತಿದ್ದುವುದು. ‘ಬರಬೇಕಾದ ಉತ್ತರ’ ಬರಲಿಲ್ಲ ಎಂದು ಹಿಂದಿನ ರಾತ್ರಿ ಪಟ್ಟಿ ಬದಲಿಸುತ್ತೀರಿ. ದುಂಬಿ ಒಂದೂ ಸಿಗದಿದ್ದರೆ ಸೊನ್ನೆ ಎಂದೇ ಬರೆಯಿರಿ. ಸೊನ್ನೆಯೂ ಒಂದು ಫಲಿತಾಂಶ. ತಿದ್ದಿದ ಅಂಕಿ ಮೋಸ.

ಇನ್ನು ಹಿರಿಯರಿಗೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನು ತಾವೇ ಅಧ್ಯಯನ ಮಾಡಲಿ, ತಮ್ಮ ಭಾಷೆಯಲ್ಲೇ ಹೇಳಲಿ ಎಂಬುದು ಅದರ ಆಶಯ. ಆ ಅವಕಾಶವನ್ನೂ ನಾವು ಅಂದದ ಫೈಲುಗಳ ಸ್ಪರ್ಧೆಯಾಗಿ ಕೆಡಿಸುತ್ತಿದ್ದೇವೆ. ಮೇಷ್ಟ್ರೇ, ಟಾಪಿಕ್ ಕೊಡುವುದನ್ನು ನಿಲ್ಲಿಸಿ. ಜೂನ್‌ನಲ್ಲೇ ಮಕ್ಕಳನ್ನು ಹೊರಗೆ ಕರೆದೊಯ್ದು ಒಬ್ಬೊಬ್ಬರಿಂದ ಐದು ಪ್ರಶ್ನೆ ಬರೆಸಿ, ನಾಲ್ಕನ್ನು ಏಕೆ ಬಿಡಬೇಕೆಂದು ಅವರಿಂದಲೇ ಹೇಳಿಸಿ. ಹೆತ್ತವರೇ, ಕತ್ತರಿ ಕೆಳಗಿಡಿ. ನೀವು ಮಾಡಿಕೊಟ್ಟ ಮಾದರಿ ನಿಮ್ಮ ಮಗುವಿಗೆ ‘ನಿನ್ನ ಕೈಲಾಗದು’ ಎಂದು ಹೇಳುತ್ತದೆ. ತೀರ್ಪುಗಾರರೇ, ಚಾರ್ಟ್ ನೋಡುವ ಮೊದಲು ಹೊರಗೆ ಎಣಿಸುವಾಗ ಬರೆದ ಮಣ್ಣಾದ ನೋಟ್‌ಬುಕ್ ಕೇಳಿ. ಅದು ಇಲ್ಲದವರಿಗೆ ಬಹುಮಾನ ಕೊಡಬೇಡಿ. ಒಂದು ವರ್ಷ ಯಾರಿಗೂ ಬಹುಮಾನ ಸಿಗದೇ ಹೋದರೂ ಚಿಂತೆಯಿಲ್ಲ, ಮರುವರ್ಷ ಮಕ್ಕಳು ಎಣಿಸಿಕೊಂಡೇ ಬರುತ್ತಾರೆ.