ಹೊಲದ ಟ್ರ್ಯಾಕ್ಟರ್‌ಗೆ ಡೋಜರ್ ಬ್ಲೇಡ್: ಗಡಿ ಜಿಲ್ಲೆಯ ಮಣ್ಣಿಗೆ ಯಾವ ಯಂತ್ರ?

ಚಾಮರಾಜನಗರ: ಬೇಸಿಗೆ ಬಂತೆಂದರೆ ಗಡಿ ಜಿಲ್ಲೆಯ ಹೊಲ, ಕೆರೆ, ಕಲ್ಲು ಗಣಿಗಳಲ್ಲಿ ಮಣ್ಣು ಕೆಲಸ ಚುರುಕಾಗುತ್ತದೆ. ಉಬ್ಬುತಗ್ಗಿನ ಹೊಲವನ್ನು ಸಮತಟ್ಟು ಮಾಡಬೇಕು, ಬದು ಹಾಕಬೇಕು, ಬತ್ತಿದ ಕೆರೆಯಂಗಳದಿಂದ ಗೋಡು ತಂದು ಹರಡಬೇಕು. ಮುಂಗಾರಿನ ಮೊದಲ ಮಳೆ ಬೀಳುವುದರೊಳಗೆ ಇವೆಲ್ಲ ಮುಗಿಯಬೇಕು. ಹಿಂದೆ ಎತ್ತು ಮತ್ತು ಆಳುಗಳು ಮಾಡುತ್ತಿದ್ದ ಈ ಕೆಲಸಕ್ಕೆ ಈಗ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಸುಲಭವಾಗಿ ಸಿಗುವುದು ಜೆಸಿಬಿ. ಇಲ್ಲವೇ ಮೂತಿಗೆ ಉಕ್ಕಿನ ಬ್ಲೇಡ್ ಕಟ್ಟಿಕೊಂಡ ಹೊಲದ ಟ್ರ್ಯಾಕ್ಟರ್.

ಮೇಲ್ನೋಟಕ್ಕೆ ಇದು ರೈತನ ಜಾಣ್ಮೆ. ಇರುವ ಟ್ರ್ಯಾಕ್ಟರ್‌ಗೇ ಒಂದು ಬ್ಲೇಡ್ ಸೇರಿಸಿದರೆ ಬಾಡಿಗೆ ಯಂತ್ರದ ಖರ್ಚು ಉಳಿಯುತ್ತದೆ. ಆದರೆ ಮಣ್ಣು ತಳ್ಳುವ ಯಂತ್ರವೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತರೆ ಈ ಉಳಿತಾಯದ ಲೆಕ್ಕ ಅಷ್ಟು ಸರಳವಲ್ಲ. ಅದರ ಬೆಲೆಯನ್ನು ಕೆಲವೊಮ್ಮೆ ಟ್ರ್ಯಾಕ್ಟರ್, ಕೆಲವೊಮ್ಮೆ ಚಾಲಕ, ಬಹಳ ಸಲ ಹೊಲದ ಮೇಲ್ಮಣ್ಣು ತೆರಬೇಕಾಗುತ್ತದೆ.

ಹೆಸರಿನ ಗೊಂದಲ

ಕಳೆದ ಕೆಲವು ವರ್ಷಗಳಲ್ಲಿ 'ಬುಲ್ಡೋಜರ್' ಎಂಬ ಪದ ರಾಜಕೀಯದ ಮಾತಾಗಿದೆ. ಮನೆಗಳ ನೆಲಸಮ ಪ್ರಕರಣದಲ್ಲಿ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದಾಗಲೂ ಸುದ್ದಿಯ ತಲೆಬರಹಗಳಲ್ಲಿ ಇದ್ದದ್ದು ಇದೇ ಪದ. ಆದರೆ ಆ ಸುದ್ದಿಗಳ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವ ಹಳದಿ ಯಂತ್ರ ಬುಲ್ಡೋಜರ್ ಅಲ್ಲ. ಅದು ಮುಂದೆ ಬಕೆಟ್, ಹಿಂದೆ ಅಗೆಯುವ ತೋಳು ಇರುವ, ರಬ್ಬರ್ ಚಕ್ರದ ಜೆಸಿಬಿ ಮಾದರಿಯ ಯಂತ್ರ. ಉಕ್ಕಿನ ಚೈನ್ ಮೇಲೆ ನಿಂತು ತೋಳಿನಿಂದ ಅಗೆಯುವ ಯಂತ್ರಕ್ಕೆ ನಮ್ಮ ಕಡೆ ಹಿಟಾಚಿ ಎಂಬ ಕಂಪನಿಯ ಹೆಸರೇ ರೂಢಿಯಾಗಿದೆ. ನಿಜವಾದ ಬುಲ್ಡೋಜರ್ ಅಗೆದು ಎತ್ತುವುದಿಲ್ಲ. ಚೈನ್ ಮೇಲೆ ಸಾಗುತ್ತಾ, ಮುಂದಿನ ಅಗಲ ಬ್ಲೇಡಿನಿಂದ ನೆಲವನ್ನು ಹೆರೆದು ತಳ್ಳುತ್ತದೆ.

ಇದು ಬರೀ ಹೆಸರಿನ ತಕರಾರಲ್ಲ. ಅಗೆಯುವುದು, ತುಂಬುವುದು, ತಳ್ಳುವುದು ಮೂರೂ ಬೇರೆ ಬೇರೆ ಕೆಲಸಗಳು. ಒಂದಕ್ಕೆಂದು ರೂಪಿಸಿದ ಯಂತ್ರದಿಂದ ಇನ್ನೊಂದನ್ನು ಮಾಡಿಸಿದಾಗ ಸಮಸ್ಯೆ ಆರಂಭವಾಗುತ್ತದೆ.

ನೂರು ವರ್ಷದ ಪೇಟೆಂಟ್

ಟ್ರ್ಯಾಕ್ಟರ್‌ಗೆ ಬ್ಲೇಡ್ ಕಟ್ಟುವ ಯೋಚನೆಗೆ ಶತಮಾನ ತುಂಬಿದೆ. ಅಮೆರಿಕದ ಕನ್ಸಾಸ್ ರಾಜ್ಯದ ಜೇಮ್ಸ್ ಕಮಿಂಗ್ಸ್ ಎಂಬ ರೈತ ಹಾಗೂ ಅರ್ಲ್ ಮೆಕ್ಲಿಯಾಡ್ ಎಂಬ ನಕ್ಷೆಗಾರ 1923ರಲ್ಲಿ, ತೈಲ ಕೊಳವೆ ಮಾರ್ಗದ ಗುಂಡಿಗಳನ್ನು ಮುಚ್ಚುವ ಕೆಲಸಕ್ಕಾಗಿ ಟ್ರ್ಯಾಕ್ಟರ್ ಒಂದಕ್ಕೆ ತಳ್ಳುವ ಬ್ಲೇಡ್ ಅಳವಡಿಸಿದರು. 1925ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅದರ ಶೀರ್ಷಿಕೆಯೇ 'ಟ್ರ್ಯಾಕ್ಟರ್‌ಗಳಿಗೆ ಜೋಡಣೆ'. ಅಂದರೆ ಬುಲ್ಡೋಜರ್ ಹುಟ್ಟಿದ್ದು ಹೊಸ ವಾಹನವಾಗಿ ಅಲ್ಲ, ಇದ್ದ ಟ್ರ್ಯಾಕ್ಟರಿನ ಒಂದು ಹೆಚ್ಚುವರಿ ಉಪಕರಣವಾಗಿ. ಆ ಅರ್ಥದಲ್ಲಿ ಗುಂಡ್ಲುಪೇಟೆಯ ವೆಲ್ಡಿಂಗ್ ಶಾಪುಗಳು ಮಾಡುತ್ತಿರುವುದು ಹೊಸದೇನೂ ಅಲ್ಲ.

ಭಾರತದಲ್ಲಿ ಇಂಥ ಯಂತ್ರಗಳು ದೊಡ್ಡ ಪ್ರಮಾಣದಲ್ಲಿ ಹೊಲಕ್ಕಿಳಿದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಮಧ್ಯ ಭಾರತದ ಕಪ್ಪು ನೆಲದಲ್ಲಿ ಬೇರುಬಿಟ್ಟಿದ್ದ ಕಾನ್ಸ್ ಹುಲ್ಲನ್ನು ಕಿತ್ತು ಭೂಮಿಯನ್ನು ಸಾಗುವಳಿಗೆ ತರಲು ಕೇಂದ್ರೀಯ ಟ್ರ್ಯಾಕ್ಟರ್ ಸಂಸ್ಥೆ ಚೈನ್ ಟ್ರ್ಯಾಕ್ಟರ್‌ಗಳನ್ನು ಬಳಸಿತು. 1949ರಲ್ಲಿ ವಿಶ್ವ ಬ್ಯಾಂಕ್ ಭಾರತಕ್ಕೆ ನೀಡಿದ ಆರಂಭದ ಸಾಲಗಳಲ್ಲಿ ಒಂದು ಇದೇ ಉದ್ದೇಶಕ್ಕಾಗಿತ್ತು. ಕರ್ನಾಟಕದ ಮಟ್ಟಿಗೆ 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಬಿಇಎಂಎಲ್, ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದ ನೆರವಿನೊಂದಿಗೆ ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಿಕೆಗೆ ಇಳಿಯಿತು. ಯಂತ್ರ ತಯಾರಾಗುವ ರಾಜ್ಯದಲ್ಲಿಯೇ ಸಣ್ಣ ರೈತನಿಗೆ ಅದು ಕೈಗೆಟುಕದಿರುವುದು ವಿಪರ್ಯಾಸ.

ಬಲ ಹೋಗುವ ದಾರಿ

ಚೈನ್ ಟ್ರ್ಯಾಕ್ಟರಿಗೂ ಹೊಲದ ಟ್ರ್ಯಾಕ್ಟರಿಗೂ ಇರುವ ನಿಜವಾದ ವ್ಯತ್ಯಾಸ ಅವುಗಳ ಅಸ್ಥಿಪಂಜರದಲ್ಲಿದೆ. ಬುಲ್ಡೋಜರಿನ ಬ್ಲೇಡನ್ನು ಹಿಡಿದಿರುವ ಎರಡು ದಪ್ಪ ತೋಳುಗಳು ಎಂಜಿನ್ನಿಗೆ ಜೋಡಣೆಯಾಗಿರುವುದಿಲ್ಲ. ಅವು ಚೈನಿನ ಉದ್ದಕ್ಕೂ ಎಡಬಲದಲ್ಲಿ ಸಾಗುವ ಚೌಕಟ್ಟಿಗೆ, ದಪ್ಪ ಪಿನ್ನುಗಳ ಮೂಲಕ ಸೇರಿರುತ್ತವೆ. ಬ್ಲೇಡನ್ನು ಓರೆ ಮಾಡಬಹುದಾದ ಯಂತ್ರಗಳಲ್ಲಿ ಈ ತೋಳುಗಳು ಮುಂದೆ ಕೂಡಿಕೊಂಡು ಇಂಗ್ಲಿಷಿನ 'ಸಿ' ಅಕ್ಷರದಂತಹ ಒಂದೇ ಚೌಕಟ್ಟಾಗಿರುತ್ತವೆ. ಬ್ಲೇಡ್ ಬಂಡೆಗೆ ಬಡಿದರೆ ಆ ಹೊಡೆತ ತೋಳುಗಳ ಮೂಲಕ ಚೈನಿನ ಚೌಕಟ್ಟಿಗೆ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ಎಂಜಿನ್, ಗೇರ್‌ಬಾಕ್ಸ್ ಅದರಿಂದ ಪಾರಾಗುತ್ತವೆ. ಹೈಡ್ರಾಲಿಕ್ ಸಿಲಿಂಡರುಗಳ ಕೆಲಸ ಬ್ಲೇಡನ್ನು ಎತ್ತುವುದು, ಇಳಿಸುವುದು ಮಾತ್ರ. ತಳ್ಳುವ ಭಾರ ಅವುಗಳ ಮೇಲೆ ಬೀಳುವುದಿಲ್ಲ.

ಸಾಮಾನ್ಯ ಹೊಲದ ಟ್ರ್ಯಾಕ್ಟರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಎಂಜಿನ್, ಕ್ಲಚ್ಚಿನ ಕವಚ, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಕವಚ ಇವುಗಳನ್ನು ಬೋಲ್ಟುಗಳಿಂದ ಒಂದಕ್ಕೊಂದು ಬಿಗಿದು, ಆ ಎರಕದ ದೇಹವನ್ನೇ ಬೆನ್ನೆಲುಬಾಗಿ ಬಳಸಲಾಗುತ್ತದೆ. ನೇಗಿಲು, ಟ್ರೈಲರ್ ಹಿಂದಿನಿಂದ ಎಳೆಯುವುದಕ್ಕೆ ಈ ವಿನ್ಯಾಸ ಸಾಕು. ಆದರೆ ಮುಂದೆ ಬ್ಲೇಡ್ ಕಟ್ಟಿ, ಅದನ್ನು ಎಂಜಿನ್ನಿನ ಮುಂಭಾಗಕ್ಕಷ್ಟೇ ಬಿಗಿದರೆ ಪ್ರತಿ ಹೊಡೆತವೂ ಕ್ಲಚ್ ಕವಚದ ಜೋಡಣೆಯ ಮೇಲೆ ಬೀಳುತ್ತದೆ. ಬೋಲ್ಟು ಸಡಿಲವಾಗುವುದು, ಎರಕ ಬಿರುಕುಬಿಡುವುದು, ಕೊನೆಗೆ ಟ್ರ್ಯಾಕ್ಟರ್ ನಡುವಿನಲ್ಲಿ ಎರಡಾಗುವುದು ಇದೇ ಕಾರಣಕ್ಕೆ. ಸರಿಯಾಗಿ ರೂಪಿಸಿದ ಬ್ಲೇಡ್ ಕಿಟ್ಟಿನಲ್ಲಿ ಎರಡು ಉದ್ದನೆಯ ಉಕ್ಕಿನ ಪಟ್ಟಿಗಳು ಹಿಂದಿನ ಆ್ಯಕ್ಸಲ್ ಕವಚದವರೆಗೂ ಸಾಗಿ ಬಲವನ್ನು ಅಲ್ಲಿಗೆ ಒಯ್ಯುತ್ತವೆ. ಬ್ಲೇಡ್ ಕೊಳ್ಳುವ ರೈತರು ಬಣ್ಣ, ಅಗಲ ನೋಡುವ ಮುನ್ನ ಈ ಪಟ್ಟಿಗಳು ಎಲ್ಲಿಯವರೆಗೆ ಹೋಗಿವೆ ಎಂದು ಬಗ್ಗಿ ನೋಡುವುದು ಒಳಿತು.

ತೂಕದ ಲೆಕ್ಕ

ತಳ್ಳುವ ಶಕ್ತಿಗೆ ಎಂಜಿನ್ನಿನ ಅಶ್ವಶಕ್ತಿಯೊಂದೇ ಆಧಾರವಲ್ಲ. ನೆಲವನ್ನು ಹಿಡಿಯುವ ತಾಕತ್ತೇ ಮಿತಿ. ಒಣಗಿದ ಜೇಡಿಮಿಶ್ರಿತ ಮಣ್ಣಿನ ಮೇಲೆ ಉಕ್ಕಿನ ಚೈನ್ ತನ್ನ ಮೇಲಿರುವ ತೂಕದ ಸುಮಾರು ಶೇ 90ರಷ್ಟನ್ನು ತಳ್ಳುವ ಬಲವಾಗಿ ಮಾರ್ಪಡಿಸಬಲ್ಲದು. ರಬ್ಬರ್ ಚಕ್ರಕ್ಕೆ ಅದು ಸುಮಾರು ಶೇ 55 ಮಾತ್ರ. 10 ಟನ್ ತೂಕದ ಸಣ್ಣ ಬುಲ್ಡೋಜರ್ ಹೀಗೆ ಸುಮಾರು 9 ಟನ್ ಬಲ ಹಾಕಬಲ್ಲದು. 2 ಟನ್ ತೂಗುವ, ಹಿಂದಿನ ಎರಡು ಚಕ್ರಗಳಷ್ಟೇ ಎಳೆಯುವ ಟ್ರ್ಯಾಕ್ಟರಿನಲ್ಲಿ ಆ ಚಕ್ರಗಳ ಮೇಲೆ ಬೀಳುವ ಭಾರ ಹೆಚ್ಚೆಂದರೆ 1.2 ಟನ್, ಸಿಗುವ ಬಲ ಸುಮಾರು 0.66 ಟನ್. ತೂಕದಲ್ಲಿ 5 ಪಟ್ಟು ಅಂತರವಿರುವ ಯಂತ್ರಗಳ ನಡುವೆ ಬಲದಲ್ಲಿ 13 ಪಟ್ಟಿಗೂ ಹೆಚ್ಚು ಅಂತರ.

ಈ ಕೊರತೆಯನ್ನು ಚಾಲಕರು ವೇಗದಿಂದ ತುಂಬಲು ನೋಡುತ್ತಾರೆ. ಹಿಂದಕ್ಕೆ ಹೋಗಿ, ಓಡಿಸಿಕೊಂಡು ಬಂದು ಮಣ್ಣಿನ ದಿಬ್ಬಕ್ಕೆ ಗುದ್ದುತ್ತಾರೆ. ಅಪಾಯ ಇರುವುದು ಇಲ್ಲಿಯೇ. ಬ್ಲೇಡನ್ನು ನೆಲಕ್ಕೆ ಒತ್ತಿದಾಗ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಎತ್ತಿಕೊಂಡು ಇಳಿಜಾರಿನಲ್ಲಿ ಸಾಗಿದರೆ ಹಿಂದಿನ ಚಕ್ರಗಳು ಹಗುರಾಗಿ ಬ್ರೇಕ್ ಹಿಡಿತ ತಪ್ಪುತ್ತದೆ. ಕೆರೆ ಏರಿಯ ಇಳಿಜಾರು, ಬದುವಿನ ಅಂಚು ಇಂಥ ಕಡೆ ಟ್ರ್ಯಾಕ್ಟರ್ ಮಗುಚಿದರೆ, ರಕ್ಷಣಾ ಚೌಕಟ್ಟಿಲ್ಲದ ಆಸನದಲ್ಲಿ ಕುಳಿತ ಚಾಲಕನಿಗೆ ಉಳಿಗಾಲ ಕಡಿಮೆ.

ಹಾಗಿದ್ದೂ ರೈತ ಚಕ್ರದ ಟ್ರ್ಯಾಕ್ಟರನ್ನೇ ಆರಿಸುವುದಕ್ಕೆ ಬಲವಾದ ಕಾರಣಗಳಿವೆ. ಚೈನ್ ಯಂತ್ರ ಡಾಂಬರು ರಸ್ತೆಯ ಮೇಲೆ ಸಾಗುವಂತಿಲ್ಲ, ಸಾಗಿದರೆ ರಸ್ತೆಯೇ ಹಾಳು. ಬೇಗೂರಿನಿಂದ ತೆರಕಣಾಂಬಿಗೆ ಒಯ್ಯಬೇಕಾದರೂ ತಗ್ಗು ಟ್ರೈಲರ್ ಲಾರಿ ಬೇಕು. ಎರಡು ಎಕರೆಯ ಹೊಲಕ್ಕೆ ಆ ಸಾಗಣೆಯ ಬಾಡಿಗೆಯೇ ಹೊರೆ. ಟ್ರ್ಯಾಕ್ಟರ್ ವರ್ಷವಿಡೀ ಉಳುಮೆಗೆ, ಅರಿಸಿನ, ಈರುಳ್ಳಿ ಸಾಗಣೆಗೆ ದುಡಿಯುತ್ತದೆ. ಬುಲ್ಡೋಜರ್ ಕೆಲಸವಿಲ್ಲದ ದಿನ ನಿಂತೇ ಇರುತ್ತದೆ.

ಕಳೆದುಹೋಗುವ ಮೇಲ್ಮಣ್ಣು

ಗುಂಡ್ಲುಪೇಟೆ ಭಾಗದ ಅನೇಕ ಹೊಲಗಳದ್ದು ಆಳವಿಲ್ಲದ ಕೆಂಪು ಮಣ್ಣು. ಮೇಲಿನ ಒಂದು ಗೇಣು ಫಲವತ್ತಾದ ಪದರ, ಅದರಡಿ ಕಲ್ಲುಮಿಶ್ರಿತ ಗರಸು. ದಿಬ್ಬವನ್ನು ಹೆರೆದು ತಗ್ಗಿಗೆ ನೇರವಾಗಿ ತಳ್ಳಿದರೆ ದಿಬ್ಬದ ಮೇಲಿದ್ದ ಒಳ್ಳೆಯ ಮಣ್ಣು ತಗ್ಗಿನ ಅಡಿಗೆ ಹೋಗುತ್ತದೆ, ಅಡಿಯ ಗರಸು ಮೇಲೆ ಬರುತ್ತದೆ. ಹೊಲ ನೋಡಲು ಚಂದವಾಗಿ ಸಮತಟ್ಟಾಗುತ್ತದೆ. ಆದರೆ ಒಂದು ಭಾಗದಲ್ಲಿ ಬೆಳೆ ವರ್ಷಗಟ್ಟಲೆ ಮೇಲೇಳುವುದಿಲ್ಲ.

ಇದಕ್ಕೆ ಪರಿಹಾರ ತಿಳಿಯದ್ದೇನಲ್ಲ. ಮೊದಲು 15 ಸೆಂಟಿಮೀಟರ್ ಮೇಲ್ಮಣ್ಣನ್ನು ಹೆರೆದು ಬದಿಗೆ ಗುಡ್ಡೆ ಹಾಕಿ, ಅಡಿಯ ನೆಲವನ್ನು ಸಮ ಮಾಡಿ, ಅನಂತರ ಮೇಲ್ಮಣ್ಣನ್ನು ಮರಳಿ ಹರಡಬೇಕು. ಒಂದು ಎಕರೆಯಲ್ಲಿ ಈ ಪದರವೇ ಸುಮಾರು 600 ಘನ ಮೀಟರ್ ಆಗುತ್ತದೆ. ಅಷ್ಟನ್ನು ಎರಡು ಸಲ ಸರಿಸುವುದು ಚೈನ್ ಬುಲ್ಡೋಜರಿಗೆ ಸಲೀಸು, ಸಣ್ಣ ಟ್ರ್ಯಾಕ್ಟರಿಗೆ ಬಲು ದುಬಾರಿ. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಮೊದಲು ಕೈಬಿಡುವುದು ಇದೇ ಹಂತವನ್ನು. ಅಲ್ಲದೆ ಚೈನ್ ತನ್ನ ಭಾರವನ್ನು ಅಗಲಕ್ಕೆ ಹಂಚುವುದರಿಂದ, ಹಲವು ಪಟ್ಟು ತೂಕವಿದ್ದರೂ ನೆಲವನ್ನು ಚಕ್ರದಷ್ಟು ಗಟ್ಟಿಯಾಗಿ ತುಳಿಯದು.

ಕೆರೆಗಳ ವಿಷಯವೂ ಬೇರೆಯಲ್ಲ. ಕಬಿನಿಯಿಂದ ಆಲಂಬೂರಿನ ಬಳಿ ನೀರೆತ್ತಿ ಗುಂಡ್ಲುಪೇಟೆ, ಚಾಮರಾಜನಗರ ಭಾಗದ ಕೆರೆಗಳಿಗೆ ಹರಿಸುವ ಯೋಜನೆ ಈ ಮಳೆ ನೆರಳಿನ ಸೀಮೆಗೆ ಜೀವ ತಂದಿದೆ. ಆದರೆ ಹೂಳು ತುಂಬಿದ ಕೆರೆಗೆ ಎಷ್ಟು ನೀರು ಹರಿಸಿದರೂ ನಿಲ್ಲುವುದು ಹೂಳು ಬಿಟ್ಟು ಉಳಿದ ಜಾಗದಲ್ಲಿ. ಹೂಳನ್ನು ಅಂಗಳದಲ್ಲಿ ಒಟ್ಟುಗೂಡಿಸಲು ಬುಲ್ಡೋಜರ್, ತುಂಬಲು ಹಿಟಾಚಿ, ಸಾಗಿಸಲು ಟಿಪ್ಪರ್ ಎಂಬ ಸರಣಿ ಬೇಕು. ಸುಮಾರು 100 ಮೀಟರ್ ದಾಟಿದ ಮೇಲೆ ತಳ್ಳುವುದು ಯಾವ ಯಂತ್ರಕ್ಕೂ ಲಾಭವಲ್ಲ. ಬ್ಲೇಡ್ ಕಟ್ಟಿದ ಟ್ರ್ಯಾಕ್ಟರಿಗೆ ಇಲ್ಲಿ ಸಲ್ಲುವ ಪಾತ್ರ ಕೊನೆಯದು: ಟಿಪ್ಪರ್ ಸುರಿದ ಗೋಡಿನ ಗುಡ್ಡೆಗಳನ್ನು ಹೊಲದಲ್ಲಿ ತೆಳುವಾಗಿ ಹರಡುವುದು. ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಗಣಿಯ ಅಂಚಿನಲ್ಲಿ

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲೂ ಹೆಸರಿದೆ. ಆದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಬಳಿ ಕಲ್ಲು ಗಣಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡ ದುರಂತ, ಈ ಉದ್ಯಮದಲ್ಲಿ ಕೆಲಸದ ಕ್ರಮ ಎಷ್ಟು ಮುಖ್ಯ ಎಂಬುದನ್ನು ನೆನಪಿಸಿತು. ಗಣಿ ನಿಯಮಾವಳಿ ಹೇಳುವುದು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂದು. 1961ರ ಲೋಹ ಗಣಿ ನಿಯಮಗಳ ಪ್ರಕಾರ ಗಟ್ಟಿ ನೆಲದಲ್ಲಿಯೂ ಒಂದು ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ 6 ಮೀಟರ್ ಮೀರುವಂತಿಲ್ಲ. ಸಡಿಲ ಮಣ್ಣಿನಲ್ಲಿ ಈ ಮಿತಿ ಇನ್ನೂ ಕಡಿಮೆ.

ಕಲ್ಲಿನ ಮೇಲಿರುವ ಸಡಿಲ ಮಣ್ಣನ್ನು ಅಂಚಿನಿಂದ ದೂರಕ್ಕೆ ತಳ್ಳಿ ಮೆಟ್ಟಿಲುಗಳನ್ನು ಅಗಲವಾಗಿಡುವುದು ಬುಲ್ಡೋಜರಿನ ಕೆಲಸ. ಆದರೆ ಬರಿ ಬಂಡೆಯ ಮೇಲೆ ಉಕ್ಕಿನ ಚೈನ್ ಜಾರುತ್ತದೆ, ಅಲ್ಲಿ ರಬ್ಬರ್ ಚಕ್ರಕ್ಕೇ ಹಿಡಿತ ಹೆಚ್ಚು. ಎಲ್ಲ ಕೆಲಸಕ್ಕೂ ಬುಲ್ಡೋಜರೇ ಉತ್ತರ ಎಂಬ ವಾದವೂ ಹಾಗಾಗಿ ನಿಲ್ಲದು. ಅಂಚಿನ ಬಳಿ ಹೊಲದ ಟ್ರ್ಯಾಕ್ಟರನ್ನು ದುಡಿಸುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ.

ಕಾನೂನಿನ ತೊಡಕು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿನ್ಯಾಸದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ತಯಾರಕರು ನಿಗದಿ ಮಾಡಿದ ವಿನ್ಯಾಸಕ್ಕೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತ್ತು. ನೇಗಿಲಿನಂತೆ ಪಿನ್ನು ಕಳಚಿ ತೆಗೆದಿಡಬಹುದಾದ ಬ್ಲೇಡ್ ಒಂದು ಉಪಕರಣ ಎನ್ನಬಹುದು. ಆದರೆ ಟ್ರ್ಯಾಕ್ಟರಿನ ಮೈಗೆ ಬೆಸುಗೆ ಹಾಕಿ ಕೂರಿಸಿದ್ದನ್ನು ಹಾಗೆನ್ನುವುದು ಕಷ್ಟ. ಅಪಘಾತವಾದಾಗ ವಿಮಾ ಪರಿಹಾರದ ಪ್ರಶ್ನೆ ಎದ್ದರೆ ಈ ಸೂಕ್ಷ್ಮ ವ್ಯತ್ಯಾಸವೇ ಒಂದು ಕುಟುಂಬದ ಭವಿಷ್ಯವನ್ನು ತೀರ್ಮಾನಿಸಬಹುದು.

ಆಗಬೇಕಾದ್ದೇನು?

ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಉದ್ದೇಶವೇ, ರೈತ ಕೊಳ್ಳಲಾಗದ ಯಂತ್ರವನ್ನು ಬಾಡಿಗೆಗೆ ಒದಗಿಸುವುದು. ಹೋಬಳಿ ಮಟ್ಟದಲ್ಲಿ ಉಳುಮೆ, ಒಕ್ಕಣೆ ಯಂತ್ರಗಳಿಗೆ ಸಿಕ್ಕ ಆದ್ಯತೆ ಭೂಮಿ ಸಮತಟ್ಟು ಮಾಡುವ ಯಂತ್ರಕ್ಕೂ ಸಿಗಬೇಕು. ತಾಲ್ಲೂಕಿಗೆ ಒಂದು ಸಣ್ಣ ಚೈನ್ ಬುಲ್ಡೋಜರ್, ಅದನ್ನು ಹೊರುವ ಒಂದು ಟ್ರೈಲರ್ ಇದ್ದು, ಬೇಸಿಗೆಯಲ್ಲಿ ಒಂದೊಂದು ಹಳ್ಳಿಯ ಹೊಲಗಳನ್ನು ಸರದಿಯಂತೆ ಒಟ್ಟಿಗೆ ಮುಗಿಸಿದರೆ ಸಾಗಣೆಯ ವೆಚ್ಚ ಹತ್ತಾರು ರೈತರಲ್ಲಿ ಹಂಚಿಹೋಗುತ್ತದೆ. ಬಾಡಿಗೆಯನ್ನು ಗಂಟೆಗೆ ಬದಲಾಗಿ ಎಕರೆಗೆ ನಿಗದಿ ಮಾಡಿ, ಮೇಲ್ಮಣ್ಣು ಮರಳಿ ಹರಡುವುದನ್ನು ಷರತ್ತಾಗಿಸಬೇಕು.

ಟ್ರ್ಯಾಕ್ಟರ್ ಬ್ಲೇಡುಗಳನ್ನು ನಿಷೇಧಿಸುವ ಅಗತ್ಯವಿಲ್ಲ, ಅದು ಸಾಧ್ಯವೂ ಅಲ್ಲ. ಬೇಕಾದದ್ದು ಹಿಂದಿನ ಆ್ಯಕ್ಸಲ್‌ವರೆಗೆ ಚೌಕಟ್ಟು, ಕಳಚಬಹುದಾದ ಜೋಡಣೆ, ಚಾಲಕನ ತಲೆಯ ಮೇಲೆ ರಕ್ಷಣಾ ಚೌಕಟ್ಟು ಎಂಬ ಮೂರು ಸರಳ ಮಾನದಂಡಗಳು. ಕೃಷಿ ಇಲಾಖೆ ಹಾಗೂ ಸಾರಿಗೆ ಇಲಾಖೆ ಒಟ್ಟಾಗಿ ಕುಳಿತರೆ ಇದು ದೊಡ್ಡ ಕೆಲಸವಲ್ಲ.

ಬ್ಲೇಡಿನ ಬಲ ಹೊರುವ ಚೌಕಟ್ಟನ್ನು ಮೊದಲು ಗಟ್ಟಿ ಮಾಡು ಎಂಬ ಪಾಠವನ್ನು ಎಂಜಿನಿಯರುಗಳು ನೂರು ವರ್ಷಗಳ ಹಿಂದೆಯೇ ಕಲಿತರು. ಯಂತ್ರದ ಮೇಲೆ ಭಾರ ಹಾಕಿ, ಅದನ್ನು ಹೊರುವ ವ್ಯವಸ್ಥೆಯನ್ನು ಮರೆತ ಆಡಳಿತಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಮುಂದಿನ ಬೇಸಿಗೆಯೊಳಗಾದರೂ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?